ಇನ್ನರ್ಧ ಸುತ್ತು

“ಹೆಡ್ ಗ್ಯಾಸ್ಕೆಟ್ ಅಂತೆ, ಹೆಡ್ ಗ್ಯಾಸ್ಕೆಟ್! ಹೋಗಿರೋದು ನಿಮ್ಮ ತಲೆಯ ಗ್ಯಾಸ್ಕೆಟ್ಟು ಭಾವ. ಮೊದಲು ಅದನ್ನ ಬಿಚ್ಚಿ ನೋಡ್ಕೊಳ್ಳಿ!”

“ನಾಲಿಗೆ ಹಿಡಿತದಲ್ಲಿರಲಿ. ಅಕ್ಕನ ಗಂಡ ಅನ್ನೋ ಮರ್ಯಾದೆ ಬೇಡ, ವಯಸ್ಸಿಗಾದ್ರೂ ಮರ್ಯಾದೆ ಕೊಡು.”

“ಮರ್ಯಾದೆ ಬೇರೆ, ಎಂಜಿನ್ ಬೇರೆ. ಗ್ಯಾಸ್ಕೆಟ್ ಹರಿದು ನೀರು ಎಂಜಿನ್ ಒಳಗೆ ಇಳೀತಿದ್ರೆ ಆಯಿಲ್ಲು ಹಾಲು ಬೆರೆಸಿದ ಹಾಗೆ ಆಗಬೇಕಿತ್ತು. ಆಗಿದೆಯಾ? ಸೈಲೆನ್ಸರಿಂದ ಬಿಳಿ ಹೊಗೆ ಬರಬೇಕಿತ್ತು. ಬಂತಾ? ತಿಗಣೆ ಕಚ್ಚಿತು ಅಂತ ಮಂಚಕ್ಕೇ ಬೆಂಕಿ ಇಡೋ ಜನ ನೀವು!”

“ಹಾಗಾದ್ರೆ ನೀರೆಲ್ಲಿ ಹೋಯ್ತಪ್ಪ, ಜಾಣ? ವಾರಕ್ಕೆ ಎರಡು ಲೀಟರ್ ಕೂಲೆಂಟ್ ಕುಡೀತಿದೆ ಈ ಮೊಸಳೆ. ನೆಲದ ಮೇಲೆ ಒಂದು ತೊಟ್ಟಿಲ್ಲ. ನೀನು ಕುಡಿದ್ಯಾ?”

ಮಾತಿನಲ್ಲಿ ಸಿಕ್ಕಿಬಿದ್ದಾಗ ಯಾವಾಗಲೂ ಮಾಡುವುದನ್ನೇ ಮೇಸ್ತ್ರಿ ಈಗಲೂ ಮಾಡಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಕಬ್ಬಿಣದ ಮೇಜಿನ ಮೇಲೆ ಎಸೆದ. ಅದು ಪುಟಿದು, ಡಬ್ಬಿಯೊಂದನ್ನು ಉರುಳಿಸಿ, ಅದರೊಳಗಿದ್ದ ನಟ್ಟುಗಳನ್ನೆಲ್ಲ ನೆಲಕ್ಕೆ ಚೆಲ್ಲಿತು. ಶೆಡ್ಡಿನ ಯಜಮಾನನಾದ ಭಾವ ಮೂಲೆಯ ಗಾಜಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಮೇಸ್ತ್ರಿ ಮಂಡಿಯೂರಿ ನಟ್ಟುಗಳನ್ನು ಒಂದೊಂದಾಗಿ ಹೆಕ್ಕತೊಡಗಿದ. ಐವತ್ತೆರಡು ವರ್ಷದ ಗಂಡಸು ತಾನೇ ಚೆಲ್ಲಿದ್ದನ್ನು ತಾನೇ ಹೆಕ್ಕುತ್ತಿರುವಾಗ, ಗಾಜಿನ ಆಚೆಯಿಂದ ಇನ್ನೊಬ್ಬ ನೋಡುತ್ತಿದ್ದಾನೆಂದು ಗೊತ್ತಿದ್ದರೆ ಬೆನ್ನು ಎಷ್ಟು ಬಿಸಿಯಾಗುತ್ತದೆಂಬುದು ಹೆಕ್ಕಿದವನಿಗೇ ಗೊತ್ತು.

ಮೊಸಳೆ ಎಂದರೆ ಹಲ್ಲಿನ ಡಾಕ್ಟರಮ್ಮನ ಕಾರು. ಎರಡೇ ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮುಂದೆ ಉದ್ದನೆಯ ಮೂತಿ. ಮೂವತ್ತು ವರ್ಷದ ಹಿಂದೆ ಮೊದಲ ಕ್ಲಿನಿಕ್ ತೆರೆದಾಗ, ಆಗಲೇ ಹಳೆಯದಾಗಿದ್ದ ಈ ಸ್ಪೋರ್ಟ್ಸ್ ಕಾರನ್ನು ಅವರು ಹಟ ಮಾಡಿ ಕೊಂಡಿದ್ದರಂತೆ. ಕೆಂಪು ಬಣ್ಣ ಮಾಸಿ ಈಗ ಹಳೆ ಇಟ್ಟಿಗೆಯ ಹಾಗಾಗಿದೆ. ಬೆಳಿಗ್ಗೆ ಒಂದೇ ಸಲಕ್ಕೆ, ಕರೆದ ಕೂಡಲೇ ಓಗೊಡುವ ಮಗುವಿನ ಹಾಗೆ, ಸ್ಟಾರ್ಟ್ ಆಗುತ್ತದೆ. ಅರ್ಧ ಗಂಟೆ ಓಡಿ ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಕೀಲಿ ತಿರುಗಿಸಿದರೆ ‘ಟಕ್’ ಅನ್ನುತ್ತದೆ, ಅಷ್ಟೆ. ಒಂಬತ್ತು ದಿನದ ಹಿಂದೆ ಪೆಟ್ರೋಲ್ ಬಂಕಿನಲ್ಲಿ ಹೀಗೆ ನಿಂತುಬಿಟ್ಟಾಗ, ಅರವತ್ತು ದಾಟಿದ ಡಾಕ್ಟರಮ್ಮ ಬಿಳಿ ಕೋಟು ಹಾಕಿಕೊಂಡೇ ತಳ್ಳಿದ್ದರು. ಅವತ್ತು ಮೇಸ್ತ್ರಿ ಬಾನೆಟ್ ಎತ್ತುವ ಮೊದಲೇ “ಬ್ಯಾಟರಿ” ಎಂದ. ಹೊಸ ಬ್ಯಾಟರಿ ಬಂತು, ಟಕ್ ಹೋಗಲಿಲ್ಲ. “ಸ್ಟಾರ್ಟರ್ ಮೋಟಾರು, ನೂರಕ್ಕೆ ನೂರು” ಎಂದ. ಅದನ್ನೂ ಇಳಿಸಿ, ಬಿಚ್ಚಿ, ಹೊಸ ಬ್ರಷ್ ಹಾಕಿ ಕೂರಿಸಿ, ಎದೆಯುಬ್ಬಿಸಿ ಕೀಲಿ ಕೊಟ್ಟ. ಡಾಕ್ಟರಮ್ಮ ಊರೆಲ್ಲ ಒಂದು ಸುತ್ತು ಹಾಕಿ ಬಂದು, ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ, ಮತ್ತೆ ತಿರುಗಿಸಿದರು. ಟಕ್. ಅವರು ಬೈಯಲಿಲ್ಲ. “ಮೇಸ್ತ್ರಿ, ಹಲ್ಲುನೋವು ಅಂತ ಬಂದವರಿಗೆ ಒಂದೊಂದೇ ಹಲ್ಲು ಕೀಳ್ತಾ ಹೋದ್ರೆ ನೋವೇನೋ ಹೋಗುತ್ತೆ. ಬಾಯೂ ಬೊಚ್ಚಾಗುತ್ತೆ” ಅಂದರು, ಅಷ್ಟೆ. ನಾಲ್ಕು ದಿನದಿಂದ ಆ ಮಾತು ಅವನ ದವಡೆಯಲ್ಲಿ ಸಿಕ್ಕಿಕೊಂಡಿದೆ. ನಿನ್ನೆ ಭಾವ, ಇವನನ್ನು ಒಂದು ಮಾತೂ ಕೇಳದೆ ಡಾಕ್ಟರಮ್ಮನಿಗೆ ಫೋನ್ ಮಾಡಿ, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು ಅಂದ. “ಎಂಜಿನ್ ಬಿಚ್ಚೋದಾದ್ರೆ ಬೇಡ, ಮಾರಿಬಿಡ್ತೀನಿ. ನಾಳೆ ಮೂರಕ್ಕೆ ಬಂದು ನೋಡಿ ಹೇಳ್ತೀನಿ” ಎಂದು ಅವರು ಫೋನ್ ಇಟ್ಟರು. ಈಗ ಹನ್ನೊಂದೂವರೆ.

ಮೇಸ್ತ್ರಿ ರೇಡಿಯೇಟರಿನ ಬಾಯಿಗೆ ಕೈಪಂಪು ಕಟ್ಟಿ ಒತ್ತಡ ಕೊಟ್ಟ. ಎಲ್ಲಾದರೂ ಸೋರಿದರೆ ಪಂಪಿನ ಮೇಲಿನ ಮುಳ್ಳು ಇಳಿಯಬೇಕು. ಇಳಿಯಲಿಲ್ಲ. ಒಂದು ಟಯರಿನ ಮೇಲೆ ಕೂತು ಮುಳ್ಳನ್ನೇ ನೋಡಿದ. ಹೀಗೆಯೇ ಒಂದು ಸಲ ಡಾಕ್ಟರಮ್ಮನ ಕುರ್ಚಿಯಲ್ಲಿ ಬಾಯಿ ತೆರೆದು ಮೇಲಿನ ದೀಪವನ್ನೇ ನೋಡುತ್ತ ಒರಗಿದ್ದ. ಅವರು ಹಿಂದಿನ ಹಲ್ಲನ್ನು ಮುಟ್ಟಿದ ಕೂಡಲೇ ಕುರ್ಚಿಯ ಕೈಯನ್ನು ಹಿಡಿದ ರಭಸಕ್ಕೆ ಅದು ಕಿತ್ತು ಅವನ ಮುಷ್ಟಿಗೇ ಬಂದುಬಿಟ್ಟಿತ್ತು. ಮರುದಿನ ಸ್ಪ್ಯಾನರ್ ತಗೊಂಡು ಹೋಗಿ ತಾನೇ ಕೂರಿಸಿ ಬಂದ, ಭೂಕಂಪಕ್ಕೂ ಜಗ್ಗದ ಹಾಗೆ. “ನೀವು ನಿದ್ದೆಯಲ್ಲಿ ಹಲ್ಲು ಕಡೀತೀರಿ ಮೇಸ್ತ್ರಿ. ಹಲ್ಲೆಲ್ಲ ಸವೆದಿವೆ. ಯಾರ ಮೇಲೆ ಅಷ್ಟು ಕೋಪ?” ಎಂದು ಅವರು ಕೇಳಿದಾಗ ಬಾಯಿ ತುಂಬ ಹತ್ತಿ ಇತ್ತು, ಉತ್ತರ ಹೇಳಬೇಕಾಗಿ ಬರಲಿಲ್ಲ. ಹತ್ತು ನಿಮಿಷವಾದರೂ ಮುಳ್ಳು ಕದಲಲಿಲ್ಲ. ಸರಿಯೇ ಮತ್ತೆ, ತಣ್ಣಗಿದ್ದಾಗ ಯಾರು ತಾನೇ ಸೋರುತ್ತಾರೆ? ತಣ್ಣಗಿದ್ದಾಗ ತಾನೂ ಒಳ್ಳೆಯವನೇ. ಹೆಂಡತಿ ಎಲ್ಲರ ಮುಂದೆ ಹಾಗೆಯೇ ಹೇಳುತ್ತಾಳೆ: “ನಮ್ಮನೆಯವರು ಚಿನ್ನ, ಬೆಳಿಗ್ಗೆ ಎಂಟರವರೆಗೆ.”

ತಾನೇ ನಕ್ಕುಬಿಟ್ಟ. ನಗು ಬಂದ ಕೂಡಲೇ ತಲೆಯೂ ಸ್ವಲ್ಪ ಬಿಚ್ಚಿಕೊಂಡಿತು. ತಣ್ಣಗಿದ್ದಾಗ ಹಿಡಿದು ಬಿಸಿಯಾದಾಗ ಬಿಡುವುದು ಎರಡು. ಒಂದು ನೀರು, ಒಂದು ಕರೆಂಟು. ಒಂಬತ್ತು ದಿನದಿಂದ ಅವನು ಇದನ್ನು ಎರಡು ಕಾಯಿಲೆ ಅಂದುಕೊಂಡಿದ್ದ. ಪಂಪು ತೆಗೆದು, ಮುಚ್ಚಳ ಹಾಕಿ, ಎಂಜಿನ್ ಶುರುಮಾಡಿ, ಅದು ಬಿಸಿಯಾಗುವುದನ್ನು ಕಾಯುತ್ತ ನಿಂತ. ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದ ಮರದ ಕೋಲನ್ನು ತೆಗೆದು, ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಒತ್ತಿದ. ಆ ಕೋಲು, ಎಲ್ಲರೂ ‘ಕಿವಿ ಮೇಸ್ತ್ರಿ’ ಎಂದು ಕರೆಯುತ್ತಿದ್ದವನದು. ಅವನಿಗೆ ಕೆಲಸ ಕಲಿಸಿದ ಮುದುಕ, ಈಗಿಲ್ಲ. ಕಣ್ಣು ಮುಚ್ಚಿಕೊಂಡು ಈ ಕೋಲಿಗೆ ಕಿವಿಯಿಟ್ಟು ಯಾವ ಬೇರಿಂಗ್ ಅಳುತ್ತಿದೆ ಎಂದು ಹೇಳುತ್ತಿದ್ದ ಮನುಷ್ಯ. ಇವನಿಗೆ ಮಾತ್ರ ದಿನವೂ ಅದೇ ಪಾಠ: “ಬೋಲ್ಟು ಬಿಗಿಯಾದಾಗ ‘ಸಾಕು’ ಅನ್ನುತ್ತೆ ಕಣೋ. ಅಂದಾಗ ನಿಲ್ಲಿಸಬೇಕು. ನೀನು ಅದಾದ ಮೇಲೆ ಇನ್ನರ್ಧ ಸುತ್ತು ಕೊಡ್ತೀಯ. ನಿನಗೆ ಕಿವಿ ಇಲ್ಲ, ಬರೀ ತೋಳಿದೆ.” ಆಗ ಇವನಿಗೆ ಅದು ಹೊಗಳಿಕೆಯ ಹಾಗೆ ಕೇಳಿಸುತ್ತಿತ್ತು. ತಾನು ಕಟ್ಟಿದ ಯಾವ ಗಾಡಿಯ ಬೋಲ್ಟೂ ಸಡಿಲಾದದ್ದಿಲ್ಲ ಎಂದು ಮೂವತ್ತು ವರ್ಷ ಹೇಳಿಕೊಂಡು ತಿರುಗಿದ್ದ. ಮನೆಯಲ್ಲೂ ಅಷ್ಟೆ, ನಲ್ಲಿ ಅವನು ನಿಲ್ಲಿಸಿದರೆ ಅವನೇ ಬಿಡಬೇಕು. “ನೀವು ಮುಚ್ಚಿದ ಡಬ್ಬಿ ತೆಗೆಯೋಕೆ ನಾನು ಇನ್ನೊಬ್ಬ ಗಂಡನ್ನ ಹುಡುಕಬೇಕು” ಎಂದು ಹೆಂಡತಿ ಒಂದು ಸಲ ಡಬ್ಬಿಯನ್ನೇ ಅವನ ಮಡಿಲಿಗೆ ಹಾಕಿದ್ದಳು.

ಮೊದಲು ಬಂದದ್ದು ವಾಸನೆ. ಸಕ್ಕರೆ ಪಾಕ ತಳಹಿಡಿದ ಹಾಗೆ ಸಿಹಿಯಾಗಿ ಸುಟ್ಟ ವಾಸನೆ. ಕೂಲೆಂಟ್ ಬಿಸಿ ಲೋಹದ ಮೇಲೆ ಬಿದ್ದಾಗ ಮಾತ್ರ ಬರುವಂಥದು. ನೆಲಕ್ಕೆ ಹನಿಯೇ ಬೀಳದ್ದು ಯಾಕೆಂದು ಆಗ ಹೊಳೆಯಿತು. ಬೀಳುವ ಮೊದಲೇ ಆವಿಯಾಗುತ್ತಿದೆ. ಎಂಜಿನ್ ಆರಿಸಿದ. ಕೀಲಿ ತಿರುಗಿಸಿದ. ಟಕ್. ಈ ಸಲ ಆ ಟಕ್ ಅವನಿಗೆ ಬೈಗುಳದ ಹಾಗೆ ಕೇಳಿಸಲಿಲ್ಲ. ಒಂದು ದಪ್ಪ ವೈರು ತಂದು, ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದನ್ನು ನೇರ ಎಂಜಿನ್ನಿನ ಮೈಗೆ ಕಚ್ಚಿಸಿ ಮತ್ತೆ ತಿರುಗಿಸಿದ. ಮೊಸಳೆ ಒಂದೇ ಉಸಿರಿಗೆ ಎದ್ದು ಗುರುಗುಟ್ಟಿತು. ಮೇಸ್ತ್ರಿ ಒಬ್ಬನೇ ನಿಂತು “ಅರ್ತು! ಅಯ್ಯೋ ನನ್ನ ಕರ್ಮವೇ, ಅರ್ತು!” ಎಂದು ತೊಡೆ ತಟ್ಟಿಕೊಂಡ. ಬ್ಯಾಟರಿಯೂ ಸರಿಯಿತ್ತು, ಮೋಟಾರೂ ಸರಿಯಿತ್ತು. ಕರೆಂಟು ಹೋಗಿ ಕೆಲಸ ಮಾಡಿ ವಾಪಸು ಬರುವ ದಾರಿಯೇ, ಅಂದರೆ ಅರ್ತಿಂಗೇ, ಕೆಟ್ಟಿತ್ತು. ಎಂಜಿನ್ ಆರಿಸಿ, ಕಾರನ್ನು ಜಾಕಿನಿಂದ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡು ಕೊಟ್ಟು, ಬೆನ್ನ ಮೇಲೆ ಜಾರಿ ಒಳಗೆ ಹೋದ. ಎಂಜಿನ್ನಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಸೇರುವ ಕಡೆ, ಜಡೆಯ ಹಾಗೆ ಹೆಣೆದ ಅರ್ತಿನ ತಾಮ್ರದ ಪಟ್ಟಿ ಬೋಲ್ಟಿಗೆ ಸೇರುವಲ್ಲಿ ಹಸಿರು ಬೂಷ್ಟು ಕಟ್ಟಿ, ಮೇಲೆ ಬಿಳಿ ಉಪ್ಪು ಹೂಬಿಟ್ಟಿತ್ತು. ಮೇಲಿಂದ ತಿಂಗಳುಗಟ್ಟಲೆ ತೊಟ್ಟಿಕ್ಕಿದ ಕೂಲೆಂಟು ಅದನ್ನು ತಿಂದುಹಾಕಿತ್ತು. ಎರಡು ಕಾಯಿಲೆಯಲ್ಲ, ಒಂದೇ. ಮೇಲಿನದು ಸೋರಿದ್ದಕ್ಕೆ ಕೆಳಗಿನದು ಸತ್ತಿದೆ. ಕಾರಿನ ಹೊಟ್ಟೆಯ ಕೆಳಗೆ, ಮೂಗಿನಿಂದ ಒಂದು ಗೇಣು ದೂರದಲ್ಲಿ ಕಬ್ಬಿಣವಿಟ್ಟುಕೊಂಡು ಮಲಗಿದ್ದ ಅವನಿಗೆ, ತುಂಬ ದಿನದ ಮೇಲೆ, ಯಾರೋ ಹಣೆ ಸವರಿದ ಹಾಗೆ ಸಮಾಧಾನವಾಯಿತು. ಲೋಕ ಇಷ್ಟೇ ಸರಳವಾಗಿದೆ, ಒಂದರಿಂದ ಇನ್ನೊಂದಕ್ಕೆ ಹನಿ ಬೀಳುತ್ತದೆ, ನಾವು ಸುಮ್ಮನೆ ಕೂಗಾಡುತ್ತೇವೆ.

ಎಂಜಿನ್ ತಣ್ಣಗಾಗುವವರೆಗೆ ಹಾಗೆಯೇ ಮಲಗಿದ್ದ. ಆಮೇಲೆ ಹೊರಗೆ ಬಂದು, ಬಾನೆಟ್ಟಿನ ಕಡೆಯಿಂದ ತೋಳನ್ನು ಭುಜದವರೆಗೆ ಇಳಿಸಿ, ಎಂಜಿನ್ನಿನ ಬೆನ್ನ ಹಿಂದೆ ನೀರಿನ ಪೈಪು ಸೇರುವ ಅಲ್ಯುಮಿನಿಯಮ್ ಕೊಳವೆಯನ್ನು ಬೆರಳಿನಿಂದ ತಡವಿದ. ಅಲ್ಲಿ ಕಣ್ಣು ಹೋಗುವುದಿಲ್ಲ, ಬೆರಳೇ ಕಣ್ಣು. ಪೈಪನ್ನು ಬಿಗಿದಿಟ್ಟ ಕ್ಲಿಪ್ಪಿನ ಅಂಚಿಗೆ ಸರಿಯಾಗಿ, ಕೂದಲೆಳೆಯಷ್ಟು ಬಿರುಕು. ಉಗುರು ಅದರಲ್ಲಿ ಸಿಕ್ಕಿತು. ಹಳೆ ಲೋಹ, ಪಾಪ, ವಯಸ್ಸಾಯಿತು ಎಂದುಕೊಳ್ಳುತ್ತ ಬೆರಳನ್ನು ಕ್ಲಿಪ್ಪಿನ ತಿರುಪಿನ ಮೇಲೆ ತಂದ. ತಿರುಪಿನ ಸೀಳಿನ ಒಂದು ಕಡೆ ಮಾತ್ರ ಅಗೆದ ಹಾಗಿತ್ತು. ಬೆರಳು ಅಲ್ಲೇ ನಿಂತಿತು. ತುದಿಯ ಒಂದು ಮೂಲೆ ಮುರಿದ ಸ್ಕ್ರೂಡ್ರೈವರು ಈ ಶೆಡ್ಡಿನಲ್ಲಿ ಇರುವುದು ಒಂದೇ. ಅದು ಈಗಲೂ ಅವನ ಜೇಬಿನಲ್ಲಿದೆ. ಹೋದ ವರ್ಷ ಈ ಪೈಪು ಬದಲಿಸಿದ್ದು ತಾನೇ. ಕ್ಲಿಪ್ಪು ಸಾಕು ಎಂದಿತ್ತು, ಎಂದಿರಲೇಬೇಕು. ತಾನು ಇನ್ನರ್ಧ ಸುತ್ತು ಕೊಟ್ಟಿದ್ದ. ಕೊಟ್ಟು, ಬಾನೆಟ್ ಹಾಕಿ, “ಇನ್ನು ಈ ಜನ್ಮಕ್ಕೆ ಸೋರಲ್ಲ ಡಾಕ್ಟರಮ್ಮ” ಎಂದೂ ಹೇಳಿದ್ದ. ಅವನು ತೋಳನ್ನು ಹೊರಗೆ ತೆಗೆಯಲಿಲ್ಲ. ಮಗಳು ಹದಿನೇಳರ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಫೇಲಾಗಿ ಬಂದ ದಿನ, ಪಾತ್ರೆ ತೊಳೆಯುತ್ತ ಮೆಲ್ಲಗೆ ಹಾಡಿಕೊಳ್ಳುತ್ತಿದ್ದಳು. ಬೈದ. ಬೈಯಬೇಕಾದದ್ದೇ, ಯಾವ ಅಪ್ಪನಾದರೂ ಬೈಯುತ್ತಿದ್ದ. ಅವಳು ತಲೆ ತಗ್ಗಿಸಿದಳು, ಅಲ್ಲಿಗೆ ಸಾಕಾಗಿತ್ತು. “ಹಾಡೋ ಬಾಯಿಗೆ ಓದೋಕೇನು ರೋಗ? ಇನ್ನು ಈ ಮನೇಲಿ ನಿನ್ನ ಹಾಡು ಕೇಳಿಸಕೂಡದು” ಎಂದು ಸೇರಿಸಿದ. ಈಗ ಅವಳು ಆಸ್ಪತ್ರೆಯೊಂದರಲ್ಲಿ ನರ್ಸು, ತಿಂಗಳಿಗೊಮ್ಮೆ ಬರುತ್ತಾಳೆ, ನಗುತ್ತಾಳೆ, ಅಪ್ಪನ ಕಾಲೆಳೆಯುತ್ತಾಳೆ, ಯಾವ ಮುನಿಸೂ ಇಲ್ಲ. ಹಾಡು ಮಾತ್ರ ಇಲ್ಲ. ಒಂದು ಸಲವೂ ಇಲ್ಲ. ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ.

“ಸಿಕ್ತಾ?” ಎಂದ ಭಾವ, ಹಿಂದಿನಿಂದ. ಯಾವಾಗ ಕೋಣೆಯಿಂದ ಹೊರಗೆ ಬಂದಿದ್ದನೋ.

“ಏನು ಸಿಕ್ತಾ?”

“ಅದೇ, ನಿನ್ನ ಸಹಿ. ಕ್ಲಿಪ್ಪಿನ ಮೇಲೆ.” ಭಾವ ದನಿ ತಗ್ಗಿಸಿ ಹತ್ತಿರ ಬಂದ. “ಮೊನ್ನೆ ನೀನು ಊಟಕ್ಕೆ ಹೋದಾಗ ಕೈ ಹಾಕಿ ನೋಡಿದೆ. ಅರ್ತು ಗಿರ್ತು ನನಗೆ ಗೊತ್ತಾಗಲಿಲ್ಲ, ಬಿರುಕು ಗೊತ್ತಾಯ್ತು. ಅದಕ್ಕೇ ಹೆಡ್ ಗ್ಯಾಸ್ಕೆಟ್ ಅಂದೆ. ಎಂಜಿನ್ ಬಿಚ್ಚಿದ್ರೆ ಅದರ ಜೊತೆ ಕೊಳವೆನೂ ಹೊಸದಾಗುತ್ತೆ, ಯಾರು ಮಾಡಿದ್ದು ಅಂತ ಯಾರೂ ಕೇಳಲ್ಲ. ಯಾರಿಗೋಸ್ಕರ ಹೇಳಿದೆ ಅಂದ್ಕೊಂಡೆ? ನಿನ್ನ ಮರ್ಯಾದೆ ಉಳೀಲಿ ಅಂತ.”

“ಮತ್ತೆ ಬೆಳಿಗ್ಗೆಯಿಂದ ನನ್ನ ಹತ್ರ ಬೈಸ್ಕೊಂಡ್ರಲ್ಲ?”

“ಏನ್ಮಾಡ್ಲಿ? ನಿನ್ನ ಅಕ್ಕನ್ನ ಕಟ್ಕೊಂಡಿದ್ದೀನಿ. ಬೈಸ್ಕೊಳ್ಳೋದು ಅಭ್ಯಾಸ.”

ನಗಬೇಕೋ ಹೊಡೆಯಬೇಕೋ ಮೇಸ್ತ್ರಿಗೆ ತಿಳಿಯಲಿಲ್ಲ. ಎರಡು ದಿನದಿಂದ ಈ ಮನುಷ್ಯ ಎಲ್ಲ ಗೊತ್ತಿದ್ದೂ, ತನ್ನ ಹಾರಾಟವನ್ನೆಲ್ಲ ನೋಡುತ್ತ, ಮಗುವಿನ ಮುಂದೆ ಸೋತಂತೆ ನಟಿಸುವ ಹಾಗೆ ನಿಂತಿದ್ದನಲ್ಲ, ಅದು ಬೈಗುಳಕ್ಕಿಂತ ಹೆಚ್ಚು ಉರಿಯಿತು. ಅದರಲ್ಲಿ ಪ್ರೀತಿಯಿತ್ತು, ಅದಕ್ಕೇ ಇನ್ನೂ ಉರಿಯಿತು. ಮೂಲೆಯಲ್ಲಿ ಇದೇ ಜಾತಿಯ ಇನ್ನೊಂದು ಸತ್ತ ಎಂಜಿನ್ ಬಿದ್ದಿತ್ತು. ಅದರಿಂದ ಕೊಳವೆ ಬಿಚ್ಚಿಕೊಂಡ. ಕೆಳಗೆ ತಾಮ್ರದ ಪಟ್ಟಿಯನ್ನು ಕಳಚಿ, ಉಪ್ಪುಕಾಗದದಿಂದ ಉಜ್ಜಿ, ಹೊಳೆಯುವಂತೆ ಮಾಡಿ, ಹೊಸ ಬೋಲ್ಟಿನಿಂದ ಕೂರಿಸಿದ. ಸುಮ್ಮನೆ ಮೇಲಿನ ಕೊಳವೆಯನ್ನೂ ಬದಲಿಸಿ ‘ಚಿಕ್ಕ ತೊಂದರೆ ಇತ್ತು, ಸರಿಹೋಯಿತು’ ಎಂದರೆ ಮುಗಿಯಿತು, ಡಾಕ್ಟರಮ್ಮ ಸಂತೋಷಪಟ್ಟು ಹೋಗುತ್ತಾರೆ. ಹಾಗೆ ಅಂದುಕೊಳ್ಳುತ್ತಲೇ ಇದ್ದ. ಆದರೆ ಬಿರುಕುಬಿಟ್ಟ ಕೊಳವೆಯ ಬಳಿಗೆ ಬಂದಾಗ ಅದನ್ನು ಬಿಚ್ಚಲು ಕೈ ಬರಲಿಲ್ಲ. ಗಡಿಯಾರ ನೋಡಿದ. ಎರಡೂ ಮುಕ್ಕಾಲು.

ಡಾಕ್ಟರಮ್ಮ ಮೂರಕ್ಕೆ ಐದು ನಿಮಿಷ ಮೊದಲೇ ಬಂದರು, ಬಿಳಿ ಕೋಟು, ಭುಜಕ್ಕೆ ಚೀಲ. “ಏನಾಯ್ತು ಮೇಸ್ತ್ರಿ? ಆಪರೇಷನ್ನಾ, ಅಂತ್ಯಕ್ರಿಯೆನಾ?”

“ಎರಡೂ ಇಲ್ಲ. ಡಾಕ್ಟರಮ್ಮ, ಹಲ್ಲು ನೋಡೋ ಕನ್ನಡಿ ಇದೆಯಾ, ಆ ಚಿಕ್ಕದು?”

ಅವರು ವಿಚಿತ್ರವಾಗಿ ನೋಡಿ ಚೀಲದಿಂದ ಉದ್ದ ಹಿಡಿಕೆಯ ಪುಟ್ಟ ದುಂಡು ಕನ್ನಡಿ ತೆಗೆದರು. ಅವನು ಕೊಡಿ ಎನ್ನುವ ಮೊದಲೇ ತಾವೇ ಬಗ್ಗಿ, ಒಂದು ಕೈಯಲ್ಲಿ ಟಾರ್ಚು ಹಿಡಿದು, ಅವನು ಬೆರಳು ಮಾಡಿ ತೋರಿಸಿದ ಕಡೆ, ಎಂಜಿನ್ನಿನ ಬೆನ್ನ ಹಿಂದೆ, ಅದನ್ನು ಇಳಿಸಿದರು. ಸಾವಿರ ಬಾಯಿ ನೋಡಿದ ಕೈ. ಕನ್ನಡಿ ನೇರ ಅಲ್ಲಿಗೇ ಹೋಗಿ ನಿಂತಿತು. ಬಿರುಕನ್ನು ಮೇಸ್ತ್ರಿಯೂ ಆಗಲೇ ಮೊದಲು ಕಣ್ಣಿನಿಂದ ಕಂಡದ್ದು.

“ಅಯ್ಯೋ, ಸೀಳಿದೆ. ಇದು ಹೇಗಾಯ್ತು?”

“ಹಳೇ ಲೋಹ ಅಲ್ವಾ ಅಮ್ಮ,” ಎಂದು ಭಾವ ಹಿಂದಿನಿಂದ ಸರಕ್ಕನೆ ಬಾಯಿ ಹಾಕಿದ. “ವಯಸ್ಸಾದ ಮೇಲೆ—”

“ನಾನು ಮಾಡಿದ್ದು,” ಎಂದ ಮೇಸ್ತ್ರಿ.

ಅವನು ಹೇಳಿದ. ಹೋದ ವರ್ಷದ ಪೈಪು, ಕ್ಲಿಪ್ಪು, ಹೆಚ್ಚಿಗೆ ಕೊಟ್ಟ ಅರ್ಧ ಸುತ್ತು, ಅದರಿಂದ ಬಿರುಕು, ಬಿರುಕಿನಿಂದ ಹನಿ, ಹನಿಯಿಂದ ಕೆಟ್ಟ ಅರ್ತು. ಬ್ಯಾಟರಿ ಬೇಕಿರಲಿಲ್ಲ, ಮೋಟಾರು ಬಿಚ್ಚಬೇಕಿರಲಿಲ್ಲ, ಎಂಜಿನ್ನಿಗೆ ಏನೂ ಆಗಿಲ್ಲ. ಜೇಬಿನಿಂದ ಸ್ಕ್ರೂಡ್ರೈವರು ತೆಗೆದು, ಮುರಿದ ಮೂಲೆಯನ್ನೂ ತೋರಿಸಿದ, ಪೊಲೀಸರಿಗೆ ಚಾಕು ಒಪ್ಪಿಸುವವನ ಹಾಗೆ. ಹೇಳುವಾಗ ಕಿವಿ ಕೆಂಪಾಗಿತ್ತು, ದನಿ ಮಾತ್ರ ಜಗಳಕ್ಕೆ ನಿಂತವನದೇ. ಅವನಿಗೆ ಗೊತ್ತಿದ್ದದ್ದು ಅದೊಂದೇ ದನಿ.

ಡಾಕ್ಟರಮ್ಮ ಕನ್ನಡಿಯನ್ನು ಕೋಟಿನ ಅಂಚಿಗೆ ಒರೆಸಿದರು. “ನಾನು ಪ್ರಾಕ್ಟೀಸ್ ಶುರುಮಾಡಿದ ಎರಡನೇ ವರ್ಷ, ಒಬ್ಬ ಬಸ್ ಡ್ರೈವರಿಗೆ ನೋವಿನ ಹಲ್ಲು ಬಿಟ್ಟು ಪಕ್ಕದ ಹಲ್ಲು ಕಿತ್ತುಬಿಟ್ಟೆ. ಗಟ್ಟಿ ಹಲ್ಲು. ಅವರಿಗೆ ಗೊತ್ತಾಗಲಿಲ್ಲ. ‘ಎರಡೂ ಹೋಗಿತ್ತು’ ಅಂತ ಹೇಳಿ ಇನ್ನೊಂದನ್ನೂ ಕಿತ್ತೆ. ಕೈಮುಗಿದು ಹೋದರು.” ಕನ್ನಡಿಯನ್ನು ಚೀಲಕ್ಕೆ ಹಾಕಿ, “ನಾನು ಹೇಳಲಿಲ್ಲ ಮೇಸ್ತ್ರಿ” ಎಂದರು. ಆಮೇಲೆ ಟಾರ್ಚು ಎತ್ತಿ ಹಿಡಿದು, “ನಡೀರಿ, ಹಾಕಿ. ಬೆಳಕು ನಾನು ಹಿಡೀತೀನಿ.”

ಅವರು ಹಿಡಿದ ಬೆಳಕು ಅಲ್ಲಾಡಲಿಲ್ಲ. ಮೇಸ್ತ್ರಿ ಬಿರುಕಿನ ಕೊಳವೆ ಬಿಚ್ಚಿ, ಬದಲಿ ಕೊಳವೆ ಕೂರಿಸಿ, ಪೈಪು ಏರಿಸಿ, ಕ್ಲಿಪ್ಪಿನ ತಿರುಪನ್ನು ತಿರುಗಿಸುತ್ತ ಬಂದ. ಒಂದು ಕಡೆ ಅದು ಬೆರಳಿಗೆ ಎದುರು ನಿಂತಿತು. ಮಣಿಕಟ್ಟು ತಾನಾಗಿಯೇ ಮುಂದಕ್ಕೆ ಹೋಗಲು ತುಡಿಯಿತು, ನಾಯಿ ಹಗ್ಗ ಜಗ್ಗುವ ಹಾಗೆ. ಅವನು ಕೈ ತೆಗೆದ. “ಆಯ್ತಾ?” ಎಂದರು ಡಾಕ್ಟರಮ್ಮ. “ಆಯ್ತು.” ಅವನು ಕೂಲೆಂಟು ತುಂಬಿ, ಗಾಳಿ ಹೊರಡಿಸಿದ ಮೇಲೆ ಅವರು ಊರು ಸುತ್ತಲು ಹೋದರು. ಮುಕ್ಕಾಲು ಗಂಟೆಯ ಮೇಲೆ ಬಂದು, ಶೆಡ್ಡಿನ ಬಾಗಿಲಲ್ಲೇ ನಿಲ್ಲಿಸಿ, ಆರಿಸಿ, ಬಾನೆಟ್ ಎತ್ತಲು ಬಿಟ್ಟರು. ಎಲ್ಲೂ ಹನಿಯಿಲ್ಲ, ವಾಸನೆಯಿಲ್ಲ. ಮತ್ತೆ ತಿರುಗಿಸಿದರು. ಮೊಸಳೆ ಟಕ್ ಎನ್ನದೆ ಒಂದೇ ಸಲಕ್ಕೆ ಎದ್ದಿತು.

“ಮಾರೋದು?” ಎಂದ ಮೇಸ್ತ್ರಿ.

“ಯಾರನ್ನ? ಇದನ್ನಾ? ನಿಮ್ಮನ್ನ ಬೇಕಾದ್ರೆ ಮಾರ್ತೀನಿ.” ಗೇರು ಹಾಕಿದರು. “ಇನ್ನು ಮೇಲೆ ಈ ಕಡೆ ಬರಲ್ಲ ಅಂದ್ಕೊಳ್ಳಿ.”

“ಬರಬಾರದು ಡಾಕ್ಟರಮ್ಮ. ಗಾಡಿ ವಾಪಸು ಬರಲಿಲ್ಲ ಅಂದ್ರೇ ನಮ್ಮ ಕೆಲಸಕ್ಕೆ ಮರ್ಯಾದೆ.”

ಸದ್ದು ತಿರುವಿನಾಚೆ ಕರಗುವವರೆಗೂ ಅವನು ಕೋಲಿಲ್ಲದೆಯೇ ಕಿವಿಗೊಟ್ಟು ನಿಂತಿದ್ದ. ಒಳಗೆ ಬಂದರೆ ಭಾವ ಗಾಜಿನ ಕೋಣೆಯ ಬಾಗಿಲಿಗೆ ಒರಗಿದ್ದ. ಮುಖ ಗಂಟಾಗಿತ್ತು. “ದೊಡ್ಡ ಹರಿಶ್ಚಂದ್ರ. ನಾನು ಹೆಡ್ ಗ್ಯಾಸ್ಕೆಟ್ ಅಂದಿದ್ದು ಸುಳ್ಳು ಅಂತ ಅವರ ಮುಂದೆ ಸಾಬೀತು ಮಾಡಿದ್ಯಲ್ಲ, ಸಮಾಧಾನ ಆಯ್ತಾ? ಕೇಳು. ಇವತ್ತಿನಿಂದ ಗಿರಾಕಿ ಹತ್ರ ಮಾತಾಡೋನು ನಾನು. ನೀನು ಬಾಯಿ ಮುಚ್ಕೊಂಡು ಸ್ಪ್ಯಾನರ್ ಹಿಡಿ. ಏನು, ತಿಳೀತಾ?”

ಮೇಸ್ತ್ರಿಯ ನಾಲಿಗೆಯ ತುದಿಗೆ ಹತ್ತು ಮಾತು ಬಂದವು. ಎಲ್ಲವೂ ಹರಿತ, ಎಲ್ಲವೂ ನಿಜ. ಒಂದೊಂದೂ ಭಾವನ ಎದೆಯಲ್ಲಿ ವರ್ಷಗಟ್ಟಲೆ ತೊಟ್ಟಿಕ್ಕುವಂಥವು. ಗೋಡೆಯ ಮೇಲೆ ತನ್ನದೇ ಇಪ್ಪತ್ತೆರಡು ವರ್ಷದ ಕಪ್ಪು ಬೆರಳಚ್ಚುಗಳು. ಮನೆಯ ಹಿತ್ತಿಲಲ್ಲಿ ತಗಡಿನ ಶೆಡ್ಡು ಖಾಲಿ ಬಿದ್ದಿದೆ, ಒಂದು ಗಾಡಿ ನಿಲ್ಲಿಸಿಕೊಂಡು ಸ್ವಂತ ಕೆಲಸ ಮಾಡುವಷ್ಟು ಜಾಗವಿದೆ ಎಂದು ಹೆಂಡತಿ ಹೇಳುತ್ತಲೇ ಇದ್ದಾಳೆ. ಭಾವ ಭಾವನೇ, ಭಾನುವಾರ ಅಕ್ಕನ ಮನೆಯ ಊಟಕ್ಕೆ ಎದುರುಬದುರು ಕೂರಲೇಬೇಕು, ಕೂರೋಣ.

“ತಿಳೀತು ಭಾವ,” ಎಂದ. ಅಲ್ಲಿಗೇ ನಿಲ್ಲಿಸಿದ.

ನಲ್ಲಿಯಲ್ಲಿ ಮೊಣಕೈವರೆಗೆ ಸೋಪು ಹಾಕಿ ತೊಳೆದುಕೊಂಡ. ನಲ್ಲಿಯನ್ನು ಯಾರು ಬೇಕಾದರೂ ತಿರುಗಿಸಬಹುದಾದಷ್ಟೇ ನಿಲ್ಲಿಸಿದ. ಕೆಲಸದ ಅಂಗಿಯನ್ನು ಮೊಳೆಗೆ ಹಾಕಿ, ಪಕ್ಕದ ಮೊಳೆಯಿಂದ ಕಿವಿ ಮೇಸ್ತ್ರಿಯ ಕೋಲನ್ನು ತೆಗೆದುಕೊಂಡ. ಮುರಿದ ಸ್ಕ್ರೂಡ್ರೈವರು ಜೇಬಿನಲ್ಲಿತ್ತು, ಅದನ್ನೂ ಇಟ್ಟುಕೊಂಡ.

“ಟೀಗಾ?” ಭಾವ ಕೋಣೆಯೊಳಗಿಂದ ಕೂಗಿದ. ಕೋಪ ಆಗಲೇ ಅರ್ಧ ಇಳಿದಿತ್ತು. “ನನಗೂ ಒಂದು ಹೇಳು.”

“ಹೇಳ್ತೀನಿ.”

ಹೊರಗೆ ನಾಲ್ಕೂವರೆಯ ಬಿಸಿಲು. ದಿನವೂ ಟೀ ಹೇಳಲು ಬರುತ್ತಿದ್ದರೂ ಈ ರಸ್ತೆಯನ್ನು ಅವನು ಸರಿಯಾಗಿ ನೋಡಿಯೇ ಇರಲಿಲ್ಲ. ಅಂಗಡಿಗಳ ಬೋರ್ಡುಗಳೆಲ್ಲ ಯಾರೋ ಈಗಷ್ಟೆ ಒರೆಸಿಟ್ಟ ಹಾಗಿದ್ದವು. ಈ ಸಲ ಮಗಳು ಬಂದಾಗ ಹಾಡಿನ ಬಗ್ಗೆ ಕೇಳಿಬಿಡಬೇಕು. ಹೇಗೆ ಎಂದು ಗೊತ್ತಿಲ್ಲ, ಆದರೆ ಕೇಳಬೇಕು. ತಿರುವಿನ ಟೀ ಅಂಗಡಿಯ ಮುಂದೆ ನಿಂತು ಶೆಡ್ಡಿಗೆ ಒಂದು ಟೀ ಕಳಿಸಲು ಹೇಳಿದ.

“ಒಂದಾ?” ಅಂಗಡಿಯವನು ಕೈಯಲ್ಲಿ ಎರಡು ಲೋಟ ಹಿಡಿದೇ ಇದ್ದ. “ದಿನಾ ಎರಡಲ್ವಾ ಮೇಸ್ತ್ರಿ?”

“ಒಂದೇ. ಸಕ್ಕರೆ ಕಮ್ಮಿ ಹಾಕು, ಭಾವನಿಗೆ ಆಗಲ್ಲ.”

ಕೋಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ನೆರಳಿನ ಬದಿ ಬಿಟ್ಟು ಬಿಸಿಲಿದ್ದ ಬದಿಗೆ ರಸ್ತೆ ದಾಟಿ, ಮನೆಯ ದಾರಿ ಹಿಡಿದ.